ಸಣ್ಣ ಹಾಯಿದೋಣಿಯಲ್ಲಿ ಊಟದ ಮೇಜು

ನೆಲದ ಮೇಲೆ ಮೇಜು ಬಹು ಸಾಮಾನ್ಯವಾದ ವಸ್ತು. ನಾಲ್ಕು ಕಾಲು, ಒಂದು ಹಲಗೆ, ಅಷ್ಟಿದ್ದರೆ ಮೇಜಾಯಿತು. ಅದೇ ಮೇಜನ್ನು ಗಾಳಿಯ ಬಲದಿಂದ ನಡೆಯುವ ಚಿಕ್ಕ ದೋಣಿಯ ಕೋಣೆಯೊಳಕ್ಕೆ ಒಯ್ದೆವೆಂದರೆ ಅದರ ಗುಣಗಳೆಲ್ಲವೂ ದೋಷಗಳಾಗಿ ತೋರತೊಡಗುತ್ತವೆ. ಅಗಲವಾದ ಹಲಗೆ ದಾರಿಯನ್ನು ಕಟ್ಟುತ್ತದೆ. ನಾಲ್ಕು ಕಾಲುಗಳು ಕೂತವರ ಮೊಣಕಾಲಿಗೆ ತಗಲುತ್ತವೆ. ಭಾರ ದೋಣಿಗೆ ಹೊರೆಯಾಗುತ್ತದೆ. ನಯವಾದ ಮೈಮೇಲೆ ಇಟ್ಟ ತಟ್ಟೆ ಇಟ್ಟಲ್ಲಿ ನಿಲ್ಲುವುದಿಲ್ಲ. ಹೀಗಿದ್ದೂ ದಿನಗಟ್ಟಲೆ ಕಡಲ ಮೇಲಿರುವವನಿಗೆ ಮೇಜು ಬೇಕು. ಬಿಸಿಯಾದ ಅನ್ನವನ್ನು ತೊಡೆಯ ಮೇಲಿಟ್ಟುಕೊಂಡು ಉಂಡರೆ ಒಂದು ಅಲೆಗೆ ಕಾಲು ಸುಡುತ್ತದೆ. ದಾರಿಯ ನಕ್ಷೆಯನ್ನು ಹರಡಲು, ಗಾಯವಾದರೆ ಬಟ್ಟೆ ಕಟ್ಟಲು, ಪತ್ರ ಬರೆಯಲು ಅದೇ ಹಲಗೆಯೇ ಗತಿ.

ಕಲಾವಿಭಾಗದ ವಿದ್ಯಾರ್ಥಿಗೆ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ಅರ್ಥಶಾಸ್ತ್ರದ ಮೊದಲ ಪಾಠದಲ್ಲಿ ನಾವು ಕಲಿತದ್ದು, ಮನುಷ್ಯನ ಬಯಕೆಗಳು ಅನೇಕ, ಅವನ ಸಾಧನಗಳು ಮಿತ ಎಂಬುದನ್ನು. ಈ ಮಾತಿಗೆ ಸಣ್ಣ ದೋಣಿಯ ಕೋಣೆಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಇನ್ನೊಂದು ಕಾರಣವೂ ಉಂಟು. ನನ್ನ ತಂದೆಯವರು ಬಡಗಿಗಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಊರಿನ ಅನೇಕರಿಗೆ ಮೇಜು ಮಾಡಿಕೊಟ್ಟ ನಮ್ಮ ಮನೆಯಲ್ಲಿ ಮೇಜಿಲ್ಲ. ಚಾಪೆ ಹಾಸಿ, ಇಳಿಜಾರಿನ ಒಂದು ಮಣೆಯನ್ನು ಮುಂದಿಟ್ಟುಕೊಂಡು ನಾನು ಓದಿದ್ದು. ಗ್ರಂಥಾಲಯದಲ್ಲಿ ದೋಣಿಯ ಮರಗೆಲಸದ ಪುಸ್ತಕವೊಂದು ಕೈಗೆ ಬಂದಾಗ ಅದನ್ನು ಬಿಡಲು ಮನಸ್ಸಾಗಲಿಲ್ಲ. ಅದರಲ್ಲಿದ್ದುದು ನಮ್ಮ ಅಂಗಳದ ಮಾತೇ ಆಗಿತ್ತು.

ದೋಣಿ ಎಂಥದು?

ವಿಚಾರಕ್ಕೆ ನಿಜವಾದ ಒಂದು ದೋಣಿಯನ್ನೇ ಎತ್ತಿಕೊಳ್ಳೋಣ. ೧೯೪೨ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ ‘ಫೋಕ್‌ಬೋಟ್’, ಎಂದರೆ ಜನರ ದೋಣಿ, ಸಾಮಾನ್ಯರ ಕೈಗೆಟುಕಬೇಕೆಂದು ಯೋಚಿಸಿ ಕಟ್ಟಿದ್ದು. ಅದಕ್ಕಾಗಿ ನಡೆದ ಸ್ಪರ್ಧೆಯಲ್ಲಿ ಯಾವ ಒಂದು ನಕ್ಷೆಯೂ ಪೂರ್ಣ ಒಪ್ಪಿಗೆ ಪಡೆಯಲಿಲ್ಲ. ಹಲವು ನಕ್ಷೆಗಳ ಒಳ್ಳೆಯ ಅಂಶಗಳನ್ನು ಕೂಡಿಸಿ ಟೋರ್ಡ್ ಸುಂಡೇನ್ ಎಂಬವರು ಅಂತಿಮ ನಕ್ಷೆಯನ್ನು ಬರೆದರು. ಉದ್ದ ೭.೬೮ ಮೀಟರು, ಎಂದರೆ ಸುಮಾರು ೨೫ ಅಡಿ. ಅತ್ಯಂತ ಅಗಲವಾದೆಡೆಯಲ್ಲಿ ೨.೨೦ ಮೀಟರು. ಒಳಗೆ ಎತ್ತರದ ಆಳು ನೆಟ್ಟಗೆ ನಿಲ್ಲಲಾರ. ಎರಡು ಪಕ್ಕಗಳಲ್ಲಿ ಕೂರುವುದಕ್ಕೂ ಮಲಗುವುದಕ್ಕೂ ಒದಗುವ ಎರಡು ಮಂಚಗಳು. ನಡುವೆ ಒಂದು ಕಿರಿದಾದ ಓಣಿ. ಈ ಒಡಲನ್ನೇ ಮಾರ್ಪಡಿಸಿದ ‘ಜೆಸ್ಟರ್’ ಎಂಬ ದೋಣಿಯಲ್ಲಿ ಬ್ಲಾಂಡಿ ಹ್ಯಾಸ್ಲರ್ ಎಂಬವರು ೧೯೬೦ರಲ್ಲಿ ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಏಕಾಂಗಿಗಳ ಪಂದ್ಯದಲ್ಲಿ ೪೮ ದಿನಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದರು. ಚಿಕ್ಕದೆಂದು ಅದನ್ನು ಹಗುರವಾಗಿ ಎಣಿಸುವಂತಿಲ್ಲ.

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರನ್ನು ಹೊತ್ತ ಹಾಯಿನಾವೆಯೊಂದು ಗೋವೆಯಲ್ಲಿ ನಿರ್ಮಾಣವಾಗಿ, ೨೦೦೯-೧೦ರಲ್ಲಿ ದಿಲೀಪ ದೋಂದೆಯವರನ್ನು ಒಬ್ಬಂಟಿಯಾಗಿ ಭೂಮಿಯ ಸುತ್ತ ಒಯ್ದು ತಂದಿತು. ಅದು ೫೬ ಅಡಿ ಉದ್ದದ್ದು. ಅದಕ್ಕೆ ಹೋಲಿಸಿದರೆ ಫೋಕ್‌ಬೋಟ್ ಅರ್ಧಕ್ಕಿಂತಲೂ ಚಿಕ್ಕದು. ನಮ್ಮ ಪ್ರಶ್ನೆ ಕಠಿನವಾಗುವುದು ಈ ಚಿಕ್ಕತನದಿಂದಲೇ.

ಮೇಜಿನ ಬಗೆಗಳು

ಹಾಯಿದೋಣಿ ಗಾಳಿಗೆ ಒಂದು ಮಗ್ಗುಲಿಗೆ ವಾಲಿಕೊಂಡೇ ಸಾಗುತ್ತದೆ. ೧೫ ಅಥವಾ ೨೦ ಅಂಶಗಳ ವಾಲಿಕೆ ಅಲ್ಲಿ ನಿತ್ಯದ ಸಂಗತಿ. ಇದಕ್ಕೆ ಹಳೆಯ ನಾವಿಕರು ಕಂಡುಕೊಂಡ ಉಪಾಯ ತೂಗುವ ಮೇಜು. ದೋಣಿಯ ಉದ್ದಕ್ಕೆ ಸಮನಾಗಿರುವ ಒಂದು ಅಚ್ಚಿನ ಮೇಲೆ ಮೇಜನ್ನು ನಿಲ್ಲಿಸಿ, ಕೆಳಗೆ ಸೀಸದ ಗುಂಡನ್ನು ಕಟ್ಟುತ್ತಾರೆ. ದೋಣಿ ವಾಲಿದರೂ ಹಲಗೆ ಸಮತಲವಾಗಿಯೇ ನಿಲ್ಲುತ್ತದೆ. ಆದರೆ ಇಡೀ ಮೇಜಿನ ಗುರುತ್ವಕೇಂದ್ರ ಅಚ್ಚಿಗಿಂತ ಕೆಳಗಿರಲೇಬೇಕು. ಹಲಗೆ ಮತ್ತು ಊಟದ ಸಾಮಾನು ಕೂಡಿ ೧೦ ಕಿಲೋಗ್ರಾಂ ತೂಗಿ, ಅಚ್ಚಿಗಿಂತ ೨ ಅಂಗುಲ ಮೇಲಿದ್ದರೆ, ೧೦ ಅಂಗುಲ ಕೆಳಗೆ ಕಟ್ಟುವ ಸೀಸ ೨ ಕಿಲೋಗ್ರಾಮಿಗಿಂತ ಹೆಚ್ಚಿರಬೇಕು. ಇಲ್ಲವಾದರೆ ಮೇಜು ತಾನೇ ಮಗುಚಿ ಊಟವನ್ನು ಮಡಿಲಿಗೆ ಸುರಿಯುತ್ತದೆ. ೪ ಕಿಲೋಗ್ರಾಂ ಕಟ್ಟಿದರೆ ನೆಮ್ಮದಿ.

ಈ ಉಪಾಯ ಚೆನ್ನಾದರೂ ಚಿಕ್ಕ ದೋಣಿಗೆ ಒಗ್ಗುವುದಿಲ್ಲ. ೨೪ ಅಂಗುಲ ಅಗಲದ ಹಲಗೆ ೨೦ ಅಂಶ ತಿರುಗಿದರೆ ಅದರ ಅಂಚು ಕೂತವನ ಎದುರು ಸುಮಾರು ೪ ಅಂಗುಲ ಏರುತ್ತದೆ ಅಥವಾ ಇಳಿಯುತ್ತದೆ. ಒಂದು ಕಡೆಯವನಿಗೆ ತಟ್ಟೆ ಎದೆಗೆ ಬಂದರೆ ಇನ್ನೊಂದು ಕಡೆಯವನ ತೊಡೆಗೆ ಹಲಗೆ ಒತ್ತುತ್ತದೆ. ಅದು ದೊಡ್ಡ ನಾವೆಗೆ ಸಲ್ಲುವ ಮೇಜು.

ಎರಡನೆಯದು ನಡುವೆ ಸ್ಥಿರವಾಗಿ ನಿಂತು ಎರಡು ಪಕ್ಕಗಳ ಹಲಗೆಗಳನ್ನು ಇಳಿಬಿಡುವ ಮೇಜು. ಇದು ಗಟ್ಟಿ, ಆದರೆ ಓಣಿಯನ್ನು ಸದಾ ತುಂಬಿಕೊಂಡಿರುತ್ತದೆ. ಮೂರನೆಯದು ಕೆಳಗಿಳಿಸಿದರೆ ಮಂಚದ ಮಟ್ಟಕ್ಕೆ ಬಂದು ಹಾಸಿಗೆಯಾಗುವ ಮೇಜು. ಒಬ್ಬನು ಮಲಗಬೇಕಾದಾಗ ಇನ್ನೊಬ್ಬನು ಉಣ್ಣುವಂತಿಲ್ಲ. ಕಡಲಿನಲ್ಲಿ ಒಬ್ಬನು ಕಾವಲಿದ್ದು ಒಬ್ಬನು ಮಲಗುವುದೇ ಪದ್ಧತಿಯಾದುದರಿಂದ ಇದು ತೊಡಕು. ನಾಲ್ಕನೆಯದು ಬೇಕಾದಾಗ ಜೋಡಿಸಿ ಬೇಡವಾದಾಗ ಬಿಚ್ಚಿಡುವ ಮೇಜು. ಒಂದು ಅಂಚು ಕೋಣೆಯ ಮುಂದಿನ ಅಡ್ಡಗೋಡೆಯ ಕೊಂಡಿಗಳ ಮೇಲೆ ಕೂರುತ್ತದೆ. ಇನ್ನೊಂದು ಅಂಚಿಗೆ ಒಂದೇ ಕಾಲು. ಊಟ ಮುಗಿದ ಮೇಲೆ ಹಲಗೆಯನ್ನು ಮಂಚದ ಹಾಸಿಗೆಯ ಕೆಳಗೆ ಸೇರಿಸಬಹುದು. ನಮ್ಮ ದೋಣಿಗೆ ಇದೇ ಯೋಗ್ಯವೆಂದು ನನ್ನ ಮತ.

ಅಳತೆ

ಒಬ್ಬನು ಉಣ್ಣಲು ಮೊಣಕೈಗಳಿಗೆ ೨೪ ಅಂಗುಲ, ತಟ್ಟೆಗೆ ೧೨ ಅಂಗುಲ ಸ್ಥಳ ಬೇಕು. ಓಣಿಯ ಎರಡು ಕಡೆ ಎದುರುಬದುರು ಕೂರುವ ಇಬ್ಬರಿಗೆ ೨೪ ಅಂಗುಲದ ಚೌಕ ಸಾಕು. ಕೂತಾಗ ತಗ್ಗುವ ಹಾಸಿಗೆಯ ಮಟ್ಟದಿಂದ ಹಲಗೆ ೧೦ರಿಂದ ೧೨ ಅಂಗುಲ ಎತ್ತರದಲ್ಲಿರಬೇಕು. ಮರವನ್ನು ಕೊಯ್ಯುವ ಮುನ್ನ ಇದೇ ಅಳತೆಯ ರಟ್ಟನ್ನು ಕತ್ತರಿಸಿ, ಒಳಗೆ ಹಿಡಿದು, ಕೂತು, ಎದ್ದು, ಬಾಗಿಲವರೆಗೆ ಹೋಗಿ ಬಂದು ನೋಡತಕ್ಕದ್ದು. ರಟ್ಟು ಹಾಳಾದರೆ ನಷ್ಟವಿಲ್ಲ.

ಕಾಲು ಎಲ್ಲಿರಬೇಕು?

ಇದೇ ಇಡೀ ಕೆಲಸದ ಮರ್ಮ. ದೋಣಿ ತಟ್ಟನೆ ಹೊರಳಿದಾಗ ಒಳಗಿರುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಸಿಕ್ಕುವುದು ಮೇಜಿನ ಅಂಚೇ. ಆ ಕ್ಷಣದಲ್ಲಿ ಮೇಜು ಮುರಿದರೆ ಅವನ ಪಕ್ಕೆಲುಬು ಮುರಿದೀತು. ವೈದ್ಯನು ದಿನಗಳ ದೂರದಲ್ಲಿರುವಾಗ ಇದು ಸಣ್ಣ ಮಾತಲ್ಲ.

ಸನ್ನೆಗೋಲಿನ ಲೆಕ್ಕ ನೋಡೋಣ. ಗೋಡೆಯಿಂದ ೨೪ ಅಂಗುಲ ದೂರದ ಅಂಚಿನ ಮೇಲೆ ೬೦ ಕಿಲೋಗ್ರಾಮಿನ ಮನುಷ್ಯನ ಭಾರವೆಲ್ಲ ಬಿತ್ತೆನ್ನೋಣ. ಕಾಲು ಗೋಡೆಯಿಂದ ೧೨ ಅಂಗುಲ ದೂರದಲ್ಲಿದ್ದರೆ ಅದರ ಮೇಲೆ ೧೨೦ ಕಿಲೋಗ್ರಾಂ ಬೀಳುತ್ತದೆ. ಗೋಡೆಯ ಕೊಂಡಿಗಳನ್ನು ೬೦ ಕಿಲೋಗ್ರಾಮಿನ ಬಲ ಮೇಲಕ್ಕೆ ಕೀಳುತ್ತದೆ. ಅದೇ ಕಾಲನ್ನು ೨೦ ಅಂಗುಲ ದೂರಕ್ಕೆ ಸರಿಸಿದರೆ ಕಾಲಿನ ಮೇಲೆ ೭೨, ಕೊಂಡಿಗಳ ಮೇಲೆ ಬರಿಯ ೧೨. ಹಲಗೆ ಅದೇ, ಮನುಷ್ಯನೂ ಅವನೇ. ಎಂಟು ಅಂಗುಲದ ಸ್ಥಾನಭೇದದಿಂದ ಕೀಳುವ ಬಲ ಐದರಲ್ಲೊಂದಾಯಿತು.

ಈ ಲೆಕ್ಕವನ್ನು ಮಾಡಿ ಮುಗಿಸಿ, ಚಿತ್ರವನ್ನು ಮಾತ್ರ ತಂದೆಯವರಿಗೆ ತೋರಿಸಿ, ಕಾಲನ್ನು ಎಲ್ಲಿಡಬೇಕೆಂದು ಕೇಳಿದೆನು. ಅವರು ಸಮುದ್ರವನ್ನು ಕಂಡವರಲ್ಲ. ಬೆರಳನ್ನು ಅಂಚಿನಿಂದ ನಾಲ್ಕು ಅಂಗುಲ ಒಳಕ್ಕೆ ಇಟ್ಟು, “ಇಲ್ಲಿರಲಿ ಕಣೋ. ಗೋಡೆ ಹತ್ತಿರ ಇಟ್ಟರೆ ಮೊಳೆ ಕಿತ್ಕೊಂಡು ಬರುತ್ತೆ” ಎಂದರು. ನಾನು ಪೆನ್ಸಿಲಿನಿಂದ ತಲುಪಿದ ಸ್ಥಳವೇ ಅದು. ಅವರು ಅಲ್ಲಿಗೆ ಯಾವ ದಾರಿಯಿಂದ ಬಂದರೆಂದು ಕೇಳಿದಾಗ, “ಬೇಕಾದಷ್ಟು ಮೇಜು ರಿಪೇರಿ ಮಾಡಿದೀನಲ್ಲ” ಎಂದು ನಕ್ಕರು.

ಕಾಲಿನ ಬುಡ ಜಾರದಂತೆ ನೆಲದ ಹಲಗೆಯಲ್ಲಿ ಒಂದು ಗುಳಿಯನ್ನು ಕೊರೆದು ಕೂರಿಸಬೇಕು. ಗೋಡೆಯ ಕೊಂಡಿಗಳಿಗೆ ಮೇಲಕ್ಕೇಳದಂತೆ ಅಗುಳಿ ಬೇಕು. ಅವನ್ನು ತಿರುಪುಮೊಳೆಯಿಂದಲ್ಲದೆ, ಗೋಡೆಯನ್ನು ತೂರಿ ಹಿಂದೆ ನಟ್ಟು ಬಿಗಿಯುವ ಬೋಲ್ಟಿನಿಂದ ಕೂಡಿಸುವುದು ಲೇಸು.

ಅಂಚು, ಮರ, ಲೋಹ

ಸ್ಥಿರವಾದ ಹಲಗೆ ದೋಣಿಯೊಡನೆ ವಾಲುವುದರಿಂದ ತಟ್ಟೆ ಜಾರುತ್ತದೆ. ೧೫ ಅಂಶದ ವಾಲಿಕೆಯಲ್ಲಿ ಘರ್ಷಣೆಯ ಗುಣಾಂಕ ೦.೨೭ಕ್ಕಿಂತ ಕಡಿಮೆಯಿದ್ದರೆ ಜಾರುವುದು ಖಂಡಿತ. ಒದ್ದೆ ಬಟ್ಟೆಯನ್ನಾಗಲಿ ರಬ್ಬರಿನ ಹಾಸನ್ನಾಗಲಿ ಹರಡುವುದು ಒಂದು ಉಪಾಯ. ಸುತ್ತಲೂ ಒಂದು ಅಂಗುಲ ಎತ್ತರದ ಪಟ್ಟಿಯನ್ನು ಹೊಡೆಯುವುದು ಇನ್ನೊಂದು. ಪಟ್ಟಿಗಳು ಮೂಲೆಯಲ್ಲಿ ಕೂಡದೆ ಸ್ವಲ್ಪ ಸಂದು ಬಿಟ್ಟಿರಬೇಕು. ಅಗುಳು, ನೀರು ಅಲ್ಲಿಂದ ಗುಡಿಸಿ ತೆಗೆಯಲು ಬರುತ್ತದೆ. ಹಲಗೆಯ ಮೂಲೆಗಳೆಲ್ಲ ದುಂಡಗಿರಲಿ; ಚೂಪು ಮೂಲೆ ಎಂದಾದರೂ ಒಬ್ಬನ ಸೊಂಟವನ್ನು ಹುಡುಕಿಯೇ ಹುಡುಕುತ್ತದೆ.

ಹಲಗೆಗೆ ಕಡಲಿಗೆಂದೇ ಮಾಡಿದ ೧೨ ಮಿಲಿಮೀಟರ್ ದಪ್ಪದ ಪ್ಲೈವುಡ್ ಸಾಕು. ನಮ್ಮ ಅಳತೆಗೆ ಅದು ಸುಮಾರು ೩ ಕಿಲೋಗ್ರಾಂ ಮಾತ್ರ. ಇನ್ನೂ ತೆಳುವಾಗಿಸುವ ಆಸೆ ಬೇಡ. ದಪ್ಪ ಅರ್ಧವಾದರೆ ಬಾಗು ಎಂಟು ಪಟ್ಟಾಗುತ್ತದೆ. ಪ್ಲೈವುಡ್ಡಿನ ಕೊಯ್ದ ಅಂಚುಗಳು ನೀರು ಕುಡಿಯುವುದರಿಂದ ಅವನ್ನು ಎಪಾಕ್ಸಿಯಿಂದ ಮುಚ್ಚಿ, ಮೇಲೆ ಸಾಗುವಾನಿಯ ಪಟ್ಟಿ ಹೊಡೆಯತಕ್ಕದ್ದು. ಸಾಗುವಾನಿಯಲ್ಲಿ ಸಹಜವಾದ ಎಣ್ಣೆಯಿರುವುದರಿಂದ ಅಂಟು ಹಚ್ಚುವ ಮುನ್ನ ಅಸಿಟೋನಿನಿಂದ ಒರೆಸಬೇಕು. ಕಬ್ಬಿಣದ ಮೊಳೆ ತುಕ್ಕಾಗುತ್ತದೆ. ಹಿತ್ತಾಳೆಯನ್ನೂ ಪೂರ್ಣ ನಂಬುವಂತಿಲ್ಲ. ಉಪ್ಪುನೀರಿನಲ್ಲಿ ಅದರೊಳಗಿನ ಸತುವು ಕರಗಿಹೋಗಿ ಲೋಹ ಪುಡಿಪುಡಿಯಾಗುತ್ತದೆ. ಕಂಚು ಇಲ್ಲವೆ ತುಕ್ಕು ಹಿಡಿಯದ ಉಕ್ಕು ಶ್ರೇಷ್ಠ.

ಕೆಲಸ ಮುಗಿದ ಮೇಲೆ ದಡದಲ್ಲಿ ಕಟ್ಟಿದ ದೋಣಿಯಲ್ಲೇ ಪರೀಕ್ಷೆ ನಡೆಯಬೇಕು. ಇಬ್ಬರು ಕೂತು ಅಂಚಿನ ಮೇಲೆ ಬಲವಾಗಿ ಒರಗಲಿ. ಕಣ್ಣು ಮುಚ್ಚಿಕೊಂಡು ಒಬ್ಬನು ಮೇಜನ್ನು ಬಿಚ್ಚಿ ಒಳಗಿಡಲಿ. ಕತ್ತಲೆಯಲ್ಲಿ ಬಿಚ್ಚಲಾಗದ ಮೇಜು ದೋಣಿಗೆ ಸಲ್ಲದು.

ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನದೊಂದು ಬಿನ್ನಹ. ನಮ್ಮ ಕಾಲೇಜಿನಲ್ಲಿ ನೇಕಾರರ, ಕುಂಬಾರರ, ಕಮ್ಮಾರರ, ಬೇಸಾಯಗಾರರ ಮಕ್ಕಳು ಬೇಕಾದಷ್ಟು ಮಂದಿ ಇದ್ದೇವೆ. ಮಗ್ಗದ ಲಾಳಿ ಏಕೆ ಆ ಆಕಾರದಲ್ಲಿದೆ, ನೇಗಿಲಿನ ಗುಳ ಏಕೆ ಆ ಕೋನದಲ್ಲಿದೆ ಎಂದು ಮನೆಯಲ್ಲಿ ಬಲ್ಲವರಿದ್ದಾರೆ, ಅವರು ಬರೆಯಲಾರರು. ನಾವು ಬರೆಯಬಲ್ಲೆವು. ಮುಂದಿನ ಸಂಚಿಕೆಗೆ ಅವರನ್ನು ಕೇಳಿ, ಲೆಕ್ಕ ಹಾಕಿ, ನಾಲ್ಕು ಪುಟ ಬರೆದುಕೊಡುವವರು ಯಾರು?