ಆದೇಶ ಅರ್ಥವ್ಯವಸ್ಥೆ ಮತ್ತು ನಮ್ಮ ಉಂಡೆ ಕೊಬ್ಬರಿ

ಏನನ್ನು ಉತ್ಪಾದಿಸಬೇಕು, ಹೇಗೆ, ಯಾರಿಗಾಗಿ? ಅರ್ಥಶಾಸ್ತ್ರದ ಮೊದಲ ಅಧ್ಯಾಯದ ಈ ಮೂರು ಪ್ರಶ್ನೆಗಳಿಗೂ ಸರ್ಕಾರವೇ ಉತ್ತರ ಕೊಟ್ಟರೆ ಅದು ಆದೇಶ ಅರ್ಥವ್ಯವಸ್ಥೆ. ಸೋವಿಯತ್ ಒಕ್ಕೂಟದಲ್ಲಿ 1921ರಲ್ಲಿ ಸ್ಥಾಪನೆಯಾದ ಗೋಸ್‌ಪ್ಲಾನ್ ಕಾರ್ಖಾನೆಗಳಿಗೆ ಗುರಿ ಹಾಕುತ್ತಿತ್ತು, ಬೆಲೆಯನ್ನೂ ಸರ್ಕಾರವೇ ಬರೆಯುತ್ತಿತ್ತು. ಕೃಷಿ ದೇಶ ಕೆಲವೇ ದಶಕಗಳಲ್ಲಿ ಕೈಗಾರಿಕಾ ದೇಶವಾಯಿತು. ಆದರೆ ಅಂಗಡಿಗಳ ಮುಂದಿನ ಸಾಲು ಕರಗಲಿಲ್ಲ.

ನಮ್ಮದು ಮಿಶ್ರ ಅರ್ಥವ್ಯವಸ್ಥೆ. ಆದರೂ ಸರ್ಕಾರ ದರ ಬರೆಯುವುದನ್ನು ನೋಡಲು ಮಾಸ್ಕೋಗೆ ಹೋಗಬೇಕಿಲ್ಲ. (ನಮ್ಮ ದಾದಿ ಪಡಿತರ ಅಕ್ಕಿಯನ್ನು ಈಗಲೂ ‘ಕಂಟ್ರೋಲ್ ಅಕ್ಕಿ’ ಅನ್ನುತ್ತಾರೆ.) ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಪ್ರತಿ ವರ್ಷ ಬೆಂಬಲ ಬೆಲೆ ಘೋಷಿಸುತ್ತದೆ. 2023ರಲ್ಲಿ ಅದು ಕ್ವಿಂಟಲ್‌ಗೆ 11,750 ರೂಪಾಯಿ. ಆ ವರ್ಷ ತಿಪಟೂರು ಎಪಿಎಂಸಿಯಲ್ಲಿ ದರ ಸುಮಾರು 8,000ಕ್ಕೆ ಕುಸಿಯಿತು. ಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿಟ್ಟು ಕಾದವರಿಗೆ ನಾಫೆಡ್ ಖರೀದಿ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಸರ್ಕಾರ ದರ ಹಿಡಿದು ನಿಲ್ಲಿಸುವುದರ ಲಾಭ ಇದೇ.

ಆದರೆ ನಾಫೆಡ್ ಎಲ್ಲವನ್ನೂ ಕೊಳ್ಳುವುದಿಲ್ಲ, ಪ್ರಮಾಣಕ್ಕೆ ಮಿತಿ ಇದೆ. ಹಾಗಾಗಿ ನೋಂದಣಿಗೆ ಸಾಲು. ಸೋವಿಯತ್‌ನಲ್ಲಿ ನಿಗದಿಯಾದ ದರ ಸಮತೋಲನ ಬೆಲೆಗಿಂತ ಕಡಿಮೆ ಇತ್ತು, ಕೊಳ್ಳುವವರು ಸಾಲು ನಿಂತರು. ಇಲ್ಲಿ ದರ ಹೆಚ್ಚು, ಮಾರುವವರು ನಿಂತರು. ಗರಿಷ್ಠ ಬೆಲೆ, ಕನಿಷ್ಠ ಬೆಲೆಯ ರೇಖಾಚಿತ್ರ ಬರೆಯುವಾಗ ಈ ಎರಡು ಸಾಲು ನೆನಪಿದ್ದರೆ ಸಾಕು, ಬಾಯಿಪಾಠ ಬೇಡ.

2025ರಲ್ಲಿ ಎಲ್ಲ ತಿರುಗಿತು. ಬೆಂಬಲ ಬೆಲೆ 12,100, ಹರಾಜಿನಲ್ಲಿ 20,000ಕ್ಕೂ ಮೇಲೆ. ಬೆಂಬಲ ಬೆಲೆ ‘ಇದಕ್ಕಿಂತ ಹೆಚ್ಚಿಗೆ ಮಾರಬೇಡಿ’ ಅನ್ನುವುದಿಲ್ಲ. ಪೂರ್ತಿ ಆದೇಶ ಅರ್ಥವ್ಯವಸ್ಥೆ ಅನ್ನುತ್ತದೆ. ಅದಿದ್ದರೆ ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದವರು ಸರ್ಕಾರ ಬರೆದ ದರಕ್ಕೇ ಕೊಟ್ಟು ಬರಬೇಕಿತ್ತು. ಕಾಯಿ ಕಡಿಮೆಯಾಗಿದೆ ಎಂಬ ಸುದ್ದಿ ಹರಾಜಿನ ದರದಲ್ಲಿ ಅದೇ ದಿನ ಕಾಣುತ್ತದೆ, ವರ್ಷಕ್ಕೊಮ್ಮೆ ಬರೆಯುವ ದರದಲ್ಲಿ ಕಾಣುವುದಿಲ್ಲ. ನನ್ನ ಪ್ರಕಾರ ಈ ವ್ಯವಸ್ಥೆಯ ದೊಡ್ಡ ದೋಷ ಇದು.

ಇನ್ನು ‘ಯಾರಿಗಾಗಿ?’ ನಮ್ಮ ಅಬ್ಬಾ ಕಾಯಿ ಸುಲಿಯುವ ಕೆಲಸದವರು. ಪಹಣಿ ಇಲ್ಲ, ಹಾಗಾಗಿ ನೋಂದಣಿಯೂ ಇಲ್ಲ. ದರ ಬಿದ್ದಾಗ ತೋಟದವರು ಕಾಯಿಯನ್ನು ಅಟ್ಟದಲ್ಲೇ ಬಿಡುತ್ತಾರೆ, ಅಬ್ಬಾಗೆ ಕೂಲಿ ಇರುವುದಿಲ್ಲ. ಕನಿಷ್ಠ ಕೂಲಿಗೆ ನಮ್ಮಲ್ಲೂ ಕಾನೂನಿದೆ, ಆದರೆ ಕೆಲಸ ಇದ್ದರೆ ತಾನೆ ಕೂಲಿ? 1936ರ ಸೋವಿಯತ್ ಸಂವಿಧಾನದಲ್ಲಿ ಕೆಲಸವೇ ಒಂದು ಹಕ್ಕು. ಆ ಒಂದು ವಿಷಯದಲ್ಲಿ ಅಬ್ಬಾ ಗೋಸ್‌ಪ್ಲಾನ್ ಪರ.