ಮದ್ದಿದ್ದೂ ಲಸಿಕೆಯೇಕೆ?

ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ ಮುಧೋಳ ಎಂಬ ಊರಿದೆ. ಕವಿ ರನ್ನನ ಮುಧೋಳ ಬೇರೆ, ಇದು ಬೇರೆ. ಇದು ತೊಗರಿಯ ಸೀಮೆ, ಸುಣ್ಣಕಲ್ಲಿನ ಸೀಮೆ. ಸುತ್ತಲಿನ ಸೇಡಂ, ವಾಡಿ, ಶಹಾಬಾದುಗಳ ನೆಲದಿಂದ ತೆಗೆದ ಕಲ್ಲು ಮನೆಗಳಿಗೆ ಹಾಸಾಗುತ್ತದೆ, ಕಾರ್ಖಾನೆಗಳಲ್ಲಿ ಸಿಮೆಂಟಾಗುತ್ತದೆ. ಚಳಿಗಾಲ ಬಂದಿತೆಂದರೆ ಇಂತಹ ಊರುಗಳ ಎಷ್ಟೋ ಮನೆಗಳಲ್ಲಿ ತೊಗರಿ ಕಟ್ಟಿಗೆಯ ಒಲೆ ಹೊತ್ತಿಸಿ, ಬಾಗಿಲು ಮುಚ್ಚಿ, ಕೂಸನ್ನು ಒಲೆಯ ಸನಿಹದಲ್ಲಿಯೇ ಬೆಚ್ಚಗೆ ಮಲಗಿಸುತ್ತಾರೆ. ವಾತ್ಸಲ್ಯದಿಂದ ಮಾಡುವ ಈ ಕಾರ್ಯದಲ್ಲಿಯೇ ಕೇಡೊಂದು ಅಡಗಿದೆ. ಶ್ವಾಸನಾಳದ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳಿದ್ದು, ಒಳನುಗ್ಗಿದ ಧೂಳನ್ನೂ ರೋಗಾಣುಗಳನ್ನೂ ಅವು ಸದಾ ಹೊರಕ್ಕೆ ಗುಡಿಸುತ್ತಿರುತ್ತವೆ. ಹೊಗೆಯು ಈ ಕಾವಲುಗಾರರ ಶಕ್ತಿಯನ್ನು ಕುಂದಿಸುತ್ತದೆ.

ಕಾವಲು ತಪ್ಪಿದಾಗ ಒಳಹೊಗುವ ರೋಗಗಳಲ್ಲಿ ನ್ಯುಮೋನಿಯಾ ಪ್ರಮುಖವಾದುದು. ಶ್ವಾಸನಾಳವು ಕವಲು ಕವಲಾಗಿ ಒಡೆದು ಕೊನೆಗೆ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಲ್ಲಿ ಮುಗಿಯುತ್ತದೆ. ಗಾಳಿಯಲ್ಲಿರುವ ಆಮ್ಲಜನಕವು ರಕ್ತವನ್ನು ಸೇರುವುದು ಅಲ್ಲಿಯೇ. ನ್ಯುಮೋನಿಯಾ ಬಂದಾಗ ಈ ಚೀಲಗಳಲ್ಲಿ ಗಾಳಿಯ ಬದಲು ನೀರೂ ಕೀವೂ ತುಂಬಿಕೊಳ್ಳುತ್ತವೆ. ಸುತ್ತಲೂ ಗಾಳಿಯಿದ್ದರೂ ರೋಗಿಯ ರಕ್ತಕ್ಕೆ ಅದು ಸಾಲದಾಗುತ್ತದೆ. ಆ ಕೊರತೆಯನ್ನು ತುಂಬಲು ದೇಹವು ಉಸಿರಾಟದ ವೇಗವನ್ನು ಹೆಚ್ಚಿಸುತ್ತದೆ.

ಸಾಮಾನ್ಯ ನೆಗಡಿಗೂ ನ್ಯುಮೋನಿಯಾಕ್ಕೂ ಇರುವ ಭೇದವನ್ನು ಗುರುತಿಸಲು ಮನೆಯವರಿಗೂ ದೊರೆಯುವ ಸುಳಿವು ಇದೇ. ಅದಕ್ಕೆ ಗಡಿಯಾರವೊಂದಿದ್ದರೆ ಸಾಕು. ಕೂಸು ಅಳದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಬೇಕು. ಎರಡು ತಿಂಗಳು ತುಂಬದ ಶಿಶುವಿನಲ್ಲಿ 60, ಒಂದು ವರ್ಷದೊಳಗಿನ ಕೂಸಿನಲ್ಲಿ 50, ಒಂದರಿಂದ ಐದು ವರ್ಷದ ಮಗುವಿನಲ್ಲಿ 40 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಮಗು ಹಾಲು ಕುಡಿಯುವುದನ್ನೇ ಬಿಟ್ಟರೆ, ತುಟಿ ನೀಲಿಗಟ್ಟಿದರೆ, ಎಣಿಸುತ್ತ ಕೂಡುವಷ್ಟು ಹೊತ್ತೂ ಇಲ್ಲ. ಕೆಲವು ಕಡೆ ಇಂತಹ ಕೂಸಿನ ಹೊಟ್ಟೆಗೆ ಕಾಸಿದ ಬಳೆಯಿಂದ ಬರೆ ಹಾಕುವ ರೂಢಿಯಿತ್ತು; ಅದು ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಮೊದಲೇ ನೊಂದ ಜೀವಕ್ಕೆ ಗಾಯವನ್ನು ಕೂಡಿಸುವ, ಚಿಕಿತ್ಸೆಯ ಅಮೂಲ್ಯ ಸಮಯವನ್ನು ನುಂಗುವ ಕ್ರಮವದು.

ಈ ರೋಗಕ್ಕೆ ಕಾರಣವಾದ ಅಣುಜೀವಿಗಳು ಹಲವು. ಅವುಗಳಲ್ಲಿ ಮುಖ್ಯವಾದ ನ್ಯುಮೊಕಾಕಸ್ ಎಂಬುದನ್ನು 1881ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಮತ್ತು ಅಮೆರಿಕದ ಜಾರ್ಜ್ ಸ್ಟರ್ನ್‌ಬರ್ಗ್ ಬೇರೆಬೇರೆಯಾಗಿ ಕಂಡರು. ಅದಕ್ಕೆ ಲಸಿಕೆ ಹುಡುಕುವ ಕಥೆ ಕಲ್ಲುಗಣಿಗಳ ಈ ಸೀಮೆಯವರು ಅರಿಯತಕ್ಕದ್ದು. ಏಕೆಂದರೆ ಅದೂ ಗಣಿ ಕಾರ್ಮಿಕರ ಕಥೆಯೇ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಿಗೆ ದೂರದಿಂದ ಬಂದು, ಇಕ್ಕಟ್ಟಾದ ವಸತಿಗಳಲ್ಲಿ ಮಲಗುತ್ತಿದ್ದ ಯುವಕರು ನ್ಯುಮೋನಿಯಾದಿಂದ ಸಾಲುಸಾಲಾಗಿ ಸಾಯುತ್ತಿದ್ದರು. 1911ರಲ್ಲಿ ಆಲ್ಮ್‌ರಾತ್ ರೈಟ್ ಎಂಬ ವೈದ್ಯನು ಅವರಲ್ಲಿ ಲಸಿಕೆಯ ಪ್ರಯೋಗ ನಡೆಸಿದನು, ಫಲ ಸ್ಪಷ್ಟವಾಗಲಿಲ್ಲ. ಈ ಅಣುಜೀವಿಯಲ್ಲಿ ಅನೇಕ ಬಗೆಗಳಿವೆಯೆಂಬುದೂ, ಒಂದು ಬಗೆಯ ರಕ್ಷಣೆ ಮತ್ತೊಂದಕ್ಕೆ ಸಲ್ಲದೆಂಬುದೂ ಆಮೇಲೆ ತಿಳಿದುಬಂದವು.

ಅಷ್ಟರಲ್ಲಿ ಪೆನ್ಸಿಲಿನ್ ಬಂದಿತು. 1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಆ ಮದ್ದು 1940ರ ದಶಕದಲ್ಲಿ ಬಳಕೆಗೆ ಬಂದೊಡನೆ, ಮದ್ದಿರುವಾಗ ಲಸಿಕೆಯೇಕೆ ಎಂದು ಜನರು ಕೇಳತೊಡಗಿದರು. ಆಗ ಮಾರುಕಟ್ಟೆಗೆ ಬಂದಿದ್ದ ಲಸಿಕೆಯೊಂದು ಕೊಳ್ಳುವವರಿಲ್ಲದೆ ಮರೆಯಾಯಿತು. ಪ್ರಶ್ನೆ ಸಹಜವಾದುದೇ. ಅದಕ್ಕೆ ಉತ್ತರ ಕೊಟ್ಟವರು ಅಮೆರಿಕದ ವೈದ್ಯ ರಾಬರ್ಟ್ ಆಸ್ಟ್ರಿಯನ್. ಪೆನ್ಸಿಲಿನ್ ಪಡೆದ ಮೇಲೂ ರೋಗದ ಮೊದಲ ಕೆಲವು ದಿನಗಳಲ್ಲಿ ಸಾಯುವವರನ್ನು ಮದ್ದು ಉಳಿಸಲಾರದೆಂಬುದನ್ನು ಅವರು ಆಸ್ಪತ್ರೆಯ ದಾಖಲೆಗಳಿಂದ ತೋರಿಸಿದರು. ಮದ್ದು ರೋಗಾಣುವನ್ನು ಕೊಲ್ಲುತ್ತದೆ. ಅದಾಗಲೇ ಆಗಿಹೋದ ಹಾನಿಯನ್ನು ಅಳಿಸುವುದಿಲ್ಲ. 1970ರ ದಶಕದಲ್ಲಿ ಅದೇ ಚಿನ್ನದ ಗಣಿಗಳಿಗೆ ಹೊಸದಾಗಿ ಸೇರಿದ ಕಾರ್ಮಿಕರಿಗೆ ಅವರ ಲಸಿಕೆಯನ್ನು ಕೊಡಲಾಯಿತು. ಲಸಿಕೆಯಲ್ಲಿ ಸೇರಿದ್ದ ಬಗೆಗಳ ನ್ಯುಮೋನಿಯಾ ಮುಕ್ಕಾಲು ಭಾಗಕ್ಕೂ ಮಿಗಿಲಾಗಿ ತಗ್ಗಿತು. 1977ರಲ್ಲಿ ಅದಕ್ಕೆ ಅಮೆರಿಕದಲ್ಲಿ ಪರವಾನಗಿ ದೊರೆಯಿತು. ಇತಿಹಾಸವು ವೈದ್ಯರ ಹೆಸರುಗಳನ್ನು ಬರೆದಿಟ್ಟುಕೊಂಡಿದೆ. ತೋಳೊಡ್ಡಿದ ಕಾರ್ಮಿಕರ ಹೆಸರುಗಳನ್ನು ಕೇಳುವವರಿಲ್ಲ.

ಆದರೂ ಒಂದು ತೊಡಕು ಉಳಿದಿತ್ತು. ಈ ಅಣುಜೀವಿಯು ಸಕ್ಕರೆಯ ಜಾತಿಯ ವಸ್ತುವಿನಿಂದಾದ ಕವಚವನ್ನು ತೊಟ್ಟಿರುತ್ತದೆ. ಲಸಿಕೆಯನ್ನು ಆ ಕವಚದಿಂದಲೇ ಮಾಡಿದ್ದರು. ಎರಡು ವರ್ಷ ತುಂಬದ ಮಕ್ಕಳ ದೇಹ ಅದನ್ನು ಶತ್ರುವೆಂದು ಚೆನ್ನಾಗಿ ಗುರುತಿಸಲಾರದು. ಹೆಚ್ಚು ಸಾಯುವವರಾದರೋ ಆ ಮಕ್ಕಳೇ. ಕವಚದ ವಸ್ತುವನ್ನು ಒಂದು ಪ್ರೋಟೀನಿಗೆ ಬೆಸೆದಾಗ ಶಿಶುಗಳ ದೇಹವೂ ಅದನ್ನು ಗುರುತಿಸಿತು. ಇಂತಹ ಜೋಡಿ ಲಸಿಕೆ 2000ದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಸೇರಿ, 2021ರಲ್ಲಿ ದೇಶವ್ಯಾಪಿಯಾಯಿತು. ಪಿಸಿವಿ ಎಂದು ಕರೆಯುವ ಈ ಲಸಿಕೆ ಸರಕಾರಿ ದವಾಖಾನೆಗಳಲ್ಲಿ ಉಚಿತ. ಇದು ಎಲ್ಲ ಬಗೆಯ ನ್ಯುಮೋನಿಯಾವನ್ನೂ ತಡೆಯುತ್ತದೆಂದಲ್ಲ. ಪೆಂಟಾವೇಲೆಂಟ್ ಮತ್ತು ದಡಾರದ ಲಸಿಕೆಗಳೂ ಈ ಕಾಯಿಲೆಯ ಬೇರೆ ದಾರಿಗಳನ್ನು ಮುಚ್ಚುತ್ತವೆ. ವೃದ್ಧರಿಗೂ ಸಕ್ಕರೆ ಕಾಯಿಲೆಯಂಥವುಗಳಿಂದ ಬಳಲುವವರಿಗೂ ವೈದ್ಯರು ನ್ಯುಮೋನಿಯಾ ಲಸಿಕೆಯನ್ನು ಸೂಚಿಸುವುದುಂಟು.

ಮುಧೋಳದ ಕೂಸಿಗೆ ಪಿಸಿವಿಯ ಮೊದಲ ಚುಚ್ಚುಮದ್ದು ಆರನೆಯ ವಾರ, ಎರಡನೆಯದು ಹದಿನಾಲ್ಕನೆಯ ವಾರ, ಮೂರನೆಯದು ಒಂಬತ್ತು ತಿಂಗಳು ತುಂಬಿದಾಗ. ಈ ಭಾಗದ ಅನೇಕ ಕುಟುಂಬಗಳು ಕೂಲಿಯನ್ನರಸಿ ಹೈದರಾಬಾದು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದುಂಟು. ಆಗ ಎರಡನೆಯ ಅಥವಾ ಮೂರನೆಯ ಸೂಜಿ ತಪ್ಪಿಹೋಗುತ್ತದೆ. ತಾಯಿಯು ತನ್ನ ಗಂಟಿನಲ್ಲಿ ಲಸಿಕೆಯ ಕಾರ್ಡನ್ನೂ ಕಟ್ಟಿಕೊಂಡು ಹೋದರೆ, ಉಳಿದ ಸೂಜಿಗಳನ್ನು ಅಲ್ಲಿಯ ಸರಕಾರಿ ದವಾಖಾನೆಯಲ್ಲಿಯೇ ಹಾಕಿಸಬಹುದು.