ತೊಟ್ಟಿಲ ಸುದ್ದಿಯಿಂದ ವರದಿಗೆ: ಒಂಬತ್ತನೆಯ ತರಗತಿಯ ಒಂದು ರಚನಾಪಾಠ

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಕಲಘಟಗಿಯ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿ. ವಿಷಯ ಪ್ರಥಮ ಭಾಷೆ ಕನ್ನಡ, ಘಟಕ ವರದಿ ರಚನೆ, 40 ನಿಮಿಷದ ಎರಡು ಅವಧಿಗಳು. ಪಾಠಯೋಜನೆ ಬರೆಯುವ ಮುನ್ನ ಹಿಂದಿನ ವಾರದ ಪುಸ್ತಕಗಳನ್ನು ನೋಡಿದೆ. ‘ನಮ್ಮೂರ ಜಾತ್ರೆ’ಯ ಬಗ್ಗೆ ಹಲವರು ನಾಲ್ಕೇ ಸಾಲು ಬರೆದಿದ್ದರು. ಆ ನಾಲ್ಕೂ ಗೈಡಿನವು. ಅದೇ ಮಕ್ಕಳು ಊಟದ ಬಿಡುವಿನಲ್ಲಿ, ಹಿಂದಿನ ರಾತ್ರಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾವ ಟ್ರೇಲರ್ ಬಂತು, ಯಾವ ಫೋನಿನಲ್ಲಿ ಗೇಮ್ ಹ್ಯಾಂಗ್ ಆಗುವುದಿಲ್ಲ ಎಂಬುದನ್ನು ಉಸಿರು ಬಿಡದೆ ಹೇಳುತ್ತಿದ್ದರು. ಆ ಮಾತಿನಲ್ಲಿ ವಾದವಿತ್ತು, ಪುರಾವೆಯಿತ್ತು, ಗೇಲಿಯೂ ಇತ್ತು. ಅದೆಲ್ಲ ಪುಸ್ತಕಕ್ಕೆ ಏಕೆ ಇಳಿಯುವುದಿಲ್ಲ?

ಶಾಲೆಗೆ ಫೋನು ತರುವಂತಿಲ್ಲ. ಮಕ್ಕಳ ಸ್ವಂತ ಸಂದೇಶಗಳನ್ನು ಓದುವ ಹಕ್ಕು ಶಿಕ್ಷಕನಿಗೂ ಇಲ್ಲ. ಹೀಗಾಗಿ ಗ್ರೂಪನ್ನು ಕಾಗದದ ಮೇಲೆಯೇ ಮಾಡಿದೆವು. ಐದು ಮಕ್ಕಳಿಗೊಂದು ಉದ್ದನೆಯ ಹಾಳೆ. ಒಬ್ಬರು ಒಂದು ಸಾಲು ಬರೆದು ಮುಂದಿನವರಿಗೆ ದಾಟಿಸಬೇಕು, ಬಾಯಿ ಬಿಡುವಂತಿಲ್ಲ. ವಿಷಯ, ಯಶ್ ಮನೆಗೆ ಹೋದ ಕಲಘಟಗಿ ತೊಟ್ಟಿಲು.

ಈ ಸಂಗತಿ ಊರಿನವರಿಗೆಲ್ಲ ಗೊತ್ತು. ನಟ ಅಂಬರೀಶ್ ತೀರಿಕೊಂಡದ್ದು 2018ರ ನವೆಂಬರ್ 24ರಂದು. ಡಿಸೆಂಬರ್ 2ರಂದು ಯಶ್ ಮತ್ತು ರಾಧಿಕಾ ಪಂಡಿತ್ ದಂಪತಿಗೆ ಮಗಳು ಹುಟ್ಟಿದಳು. ಹುಟ್ಟಲಿರುವ ಮಗುವಿಗೆಂದು ಅಂಬರೀಶ್ ಬದುಕಿದ್ದಾಗಲೇ ಇಲ್ಲಿ ತೊಟ್ಟಿಲು ಮಾಡಲು ಹೇಳಿದ್ದರೆಂಬುದು ಆಮೇಲೆ ಸುದ್ದಿಯಾಯಿತು. ಅದೇ ತಿಂಗಳ 21ಕ್ಕೆ ಕೆಜಿಎಫ್ ಮೊದಲ ಭಾಗ ತೆರೆಕಂಡಿತ್ತು. ಹೀಗಾಗಿ ತೊಟ್ಟಿಲ ಚಿತ್ರ ಫೋನಿನಿಂದ ಫೋನಿಗೆ ಹರಿದಾಡಿತು. ಇಂದಿನ ಒಂಬತ್ತನೆಯವರು ಆಗ ಚಿಕ್ಕವರು. ಅವರು ಬಲ್ಲದ್ದೆಲ್ಲ ರೀಲ್ಸ್‌ಗಳಲ್ಲಿ ಕಂಡದ್ದು, ಮನೆಯಲ್ಲಿ ಕೇಳಿದ್ದು.

ಒಂದು ಹಾಳೆ ಹೀಗಿತ್ತು:

‘ಲೇ ನಮ್ಮೂರ ತೊಟ್ಟಲಾ ಯಶ್ ಮನ್ಯಾಗ ಐತಿ’
‘ಸುಳ್ಳ ಹೇಳಬ್ಯಾಡ’
‘ಖರೇನ ಅಂಬರೀಶ್ ಕೊಡಿಸ್ಯಾರ’
‘ಅವ್ರ ಆಗ ಇದ್ದಿದ್ದಿಲ್ಲಲ್ಲ’
‘ಮೊದಲ ಹೇಳಿಟ್ಟಿದ್ರು’
‘ಎಷ್ಟ ರೊಕ್ಕಾ’
‘ಹತ್ತ ಲಕ್ಷ’
‘ಯಾರ ಹೇಳಿದ್ರ ನಿನಗ’

ಕೊನೆಯ ಸಾಲು ಬರೆದ ಹುಡುಗಿ ಮೊದಲು ಹಾಳೆ ಮುಟ್ಟಲು ಹಿಂಜರಿದಿದ್ದಳು. ‘ನಮ್ಮನ್ಯಾಗ ಫೋನ್ ಅಣ್ಣನ ಕಡೆ ಇರತೈತ್ರಿ ಸರ’ ಎಂದಳು. ತರಗತಿಯ ಹೆಚ್ಚಿನ ಹುಡುಗಿಯರ ಸ್ಥಿತಿ ಇದೇ. ಗ್ರೂಪಿನ ಮಾತು ಎಲ್ಲ ಮಕ್ಕಳ ಪೂರ್ವಜ್ಞಾನ ಎಂದು ಹಿಡಿದು ಪಾಠ ಹೆಣೆಯುವ ಪ್ರಶಿಕ್ಷಣಾರ್ಥಿಗಳು ಇದನ್ನು ಗಮನಿಸಬೇಕು. ಕಾಗದದ ಗ್ರೂಪಿನಲ್ಲಿ ಆಕೆಗೂ ಸರದಿ ಬಂತು. ಇಡೀ ಹಾಳೆಯಲ್ಲಿ ವರದಿಗಾರನ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಕೆಲವರು ಫೋನಿನ ರೂಢಿಯಂತೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ಅದನ್ನು ಹೊಡೆದುಹಾಕುವ ಬದಲು ಕಪ್ಪುಹಲಗೆಗೆ ಏರಿಸಿದೆ. ಎಚ್, ಎ, ಎಲ್, ಎಲ್, ಐ: ಇದೇನು? ಅರ್ಧ ತರಗತಿ ‘ಹಳ್ಳಿ’ ಎಂದಿತು, ಉಳಿದರ್ಧ ‘ಹಲ್ಲಿ’. ಬಿ, ಎ, ಎಲ್, ಇ ಎಂದರೆ ಬಳೆಯೂ ಹೌದು, ಬಲೆಯೂ ಹೌದು. ಕೆ, ಎ, ಎಲ್, ಯು ಬರೆದಾಗ ಕಾಲು, ಕಾಳು ಬಂದವು, ಹಿಂದಿನ ಬೆಂಚಿನಿಂದ ಕಲ್ಲೂ ಬಂತು. ‘ನಮ್ಮ ಹಲ್ಲಿಯ ತೊಟ್ಟಿಲು’ ಎಂದು ಒಬ್ಬ ಗಟ್ಟಿಯಾಗಿ ಓದಿದ ಮೇಲೆ ನಗು ನಿಲ್ಲಿಸಲು ಎರಡು ನಿಮಿಷ ಬೇಕಾಯಿತು. ಗೆಳೆಯನಿಗೆ ಸಂದರ್ಭ ಗೊತ್ತಿರುವುದರಿಂದ ಇದು ನಡೆಯುತ್ತದೆ. ವರದಿ ಓದುವವನು ಅಪರಿಚಿತ, ಅವನಿಗೆ ಬರವಣಿಗೆಯೊಂದೇ ಆಧಾರ. ಲ ಮತ್ತು ಳ ವ್ಯತ್ಯಾಸವನ್ನು ನಿಯಮವಾಗಿ ಹೇಳಿದ್ದಕ್ಕಿಂತ ಹೀಗೆ ಹೇಳಿದ್ದು ಹೆಚ್ಚು ನಾಟಿತು. (ಫೋನಿನಲ್ಲಿ ಕನ್ನಡ ಬರುವುದಿಲ್ಲವೆಂಬ ನೆಪ ಈಗ ಸಲ್ಲದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ, ಕೀಲಿಮಣೆಯೂ ಫೋನಿನಲ್ಲೇ ಇದೆ. ಉಳಿದಿರುವುದು ಬೆರಳಿನ ರೂಢಿ.)

‘ಐತಿ’, ‘ಮನ್ಯಾಗ’ಗಳನ್ನು ಏನು ಮಾಡಬೇಕು ಎಂಬ ಬಗ್ಗೆ ಮಾರ್ಗದರ್ಶಕ ಉಪನ್ಯಾಸಕರಿಗೂ ನನಗೂ ಒಮ್ಮತವಿರಲಿಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಮೊದಲ ದಿನವೇ ತಿದ್ದಬೇಕು ಎಂದರು ಅವರು. ಆ ಕಾಳಜಿ ಸುಳ್ಳಲ್ಲ. ಆದರೆ ಬೇಂದ್ರೆಯವರು ಕಾವ್ಯಕ್ಕೆ ಬಳಸಿದ ಧಾರವಾಡದ ಆಡುಮಾತಿಗೆ ಇಲ್ಲಿ ಕೆಂಪು ಗೆರೆ ಎಳೆಯಲು ನನಗೆ ಮನಸ್ಸಾಗಲಿಲ್ಲ. ವರದಿಯ ನಿರೂಪಣೆ ಶಿಷ್ಟ ಕನ್ನಡದಲ್ಲಿರಲಿ, ಯಾರಾದರೂ ಆಡಿದ ಮಾತನ್ನು ಉದ್ಧರಿಸುವಾಗ ಆಡಿದಂತೆಯೇ ಇರಲಿ ಎಂದು ಗೊತ್ತುಮಾಡಿದೆವು. ಎರಡನ್ನೂ ಬೇರ್ಪಡಿಸುವಾಗ ಉದ್ಧರಣ ಚಿಹ್ನೆಯ ಬಳಕೆ ತಾನಾಗಿ ಬಂತು.

ಎರಡನೆಯ ಅವಧಿಗೆ ಮುನ್ನ ಕೊಟ್ಟ ಮನೆಗೆಲಸ, ‘ಹತ್ತು ಲಕ್ಷ’ ಎಲ್ಲಿಂದ ಬಂತು ಎಂಬುದನ್ನು ಹುಡುಕುವುದು. ಬರೆದ ಹುಡುಗ ಒಂದು ರೀಲ್ಸ್‌ನ ಕೆಳಗೆ ಯಾರೋ ಹಾಕಿದ್ದನ್ನು ನೋಡಿದ್ದನಂತೆ. ಮೂವರು ಮಕ್ಕಳು ತೊಟ್ಟಿಲು ಮಾಡುವ ಮನೆಯೊಂದಕ್ಕೆ ಹೋಗಿ ಬಂದರು. ಅರಗಿನ ಬಣ್ಣ ಏರಿಸುವುದನ್ನೂ ಕೃಷ್ಣನ ಬಾಲಲೀಲೆಯ ಚಿತ್ರಗಳನ್ನೂ ನೋಡಿ, ಬೆಲೆ ಅಳತೆ ಮತ್ತು ಚಿತ್ರದ ಕೆಲಸದ ಮೇಲೆ ಹೋಗುತ್ತದೆ ಎಂಬ ಉತ್ತರ ತಂದರು. ಜಾತ್ರೆಗೆ ನಾಲ್ಕು ಸಾಲು ಬರೆದಿದ್ದ ಹುಡುಗನೊಬ್ಬ ಆ ಮೂವರಲ್ಲಿದ್ದ. ಅವನ ವರದಿ ಒಂದೂಕಾಲು ಪುಟ. ಹತ್ತು ಲಕ್ಷ ಇರಬೇಕಾದ ಜಾಗದಲ್ಲಿ ಅವನು ಬರೆದದ್ದು: ‘ಅದರ ಬೆಲೆ ಎಷ್ಟೆಂದು ನಮಗೆ ಯಾರೂ ಹೇಳಲಿಲ್ಲ.’